ಕಾಲಮುದ್ರೆಯ ಪ್ರಾಮಾಣ್ಯ

೧

ಒಂದು ಬರಹಕ್ಕೆ ಎರಡು ಪ್ರತಿಗಳಿರುವುದು ಕ್ಷೇಮಕ್ಕಾಗಿ. ಆದರೆ ಆ ಎರಡು ಪ್ರತಿಗಳೂ ಬೇರೆ ಬೇರೆ ಮಾತನ್ನಾಡತೊಡಗಿದರೆ ಕ್ಷೇಮಕ್ಕೆಂದು ಮಾಡಿಕೊಂಡುದೇ ಸಂಕಟಕ್ಕೆ ಕಾರಣವಾಗುತ್ತದೆ. ಓಲೆಗರಿಯ ಕಾಲದಿಂದಲೂ ಇದು ತಿಳಿದ ಸಂಗತಿಯೇ. ಒಬ್ಬ ಕವಿಯ ಕಾವ್ಯಕ್ಕೆ ಹತ್ತು ಪ್ರತಿಗಳು ದೊರೆತರೆ ಸಂಪಾದಕನಿಗೆ ಸಂತೋಷವೂ ಉಂಟು, ಪಾಠಾಂತರಗಳ ತೊಡಕೂ ಉಂಟು. ಈಗ ಗ್ರಂಥಗಳೂ ಲೆಕ್ಕಪತ್ರಗಳೂ ಚಿತ್ರಗಳೂ ಗಣಕಯಂತ್ರದ ಡಿಸ್ಕುಗಳಲ್ಲಿ ಕಡತಗಳಾಗಿ ನೆಲಸಿರುವುದರಿಂದ, ಹಿಂದೆ ಪಂಡಿತರ ಮೇಜಿನ ಮೇಲೆ ಮಾತ್ರ ಏಳುತ್ತಿದ್ದ ಪ್ರಶ್ನೆಯು ಓದುಬರಹ ಬಲ್ಲವರ ಮನೆಮನೆಯಲ್ಲಿಯೂ ಏಳುವಂತಾಗಿದೆ. ಎರಡು ಡಿಸ್ಕುಗಳಲ್ಲಿರುವ ಒಂದೇ ಕಡತದ ಎರಡು ಪ್ರತಿಗಳು ಒಂದರೊಡನೊಂದು ಒಪ್ಪದೆಹೋದಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂಬುದೇ ಆ ಪ್ರಶ್ನೆ. ಮೇಲುನೋಟಕ್ಕೆ ಇದು ಯಂತ್ರದ ಕೆಲಸಕ್ಕೆ ಸೇರಿದ ವಿಷಯದಂತೆ ತೋರುವುದು. ವಿಚಾರಮಾಡಿದರೆ ಇದರಲ್ಲಿ ಧರ್ಮಾಧರ್ಮಗಳ ಅಂಶವೂ ಇದೆಯೆಂಬುದು ಹೊಳೆಯದಿರದು. ಏಕೆಂದರೆ ಅಳಿದುಹೋಗುವ ಪ್ರತಿಯಲ್ಲಿ ಯಾರೋ ಒಬ್ಬರ ದುಡಿಮೆ ಇರುತ್ತದೆ.

ಒಂದು ಸಂಸಾರವನ್ನು ಭಾವಿಸಿಕೊಳ್ಳಬಹುದು. ಅಣ್ಣನು ಧಾರವಾಡದಲ್ಲಿಯೂ ತಂಗಿಯು ಮೈಸೂರಿನಲ್ಲಿಯೂ ಇದ್ದಾರೆ. ಅವರ ಅಜ್ಜಿಯವರಿಗೆ ಸೋಬಾನೆಯ ಹಾಡುಗಳೂ ಬೀಸುವ ಪದಗಳೂ ಬಾಯಿಗೆ ಬರುತ್ತವೆ. ಯುಗಾದಿಗೆ ಎಲ್ಲರೂ ಕೂಡಿದಾಗ ಮೊಮ್ಮಕ್ಕಳಿಬ್ಬರೂ ನಲವತ್ತು ಹಾಡುಗಳನ್ನು ಬರೆದುಕೊಂಡು, ಆ ಒಂದೇ ಕಡತವನ್ನು ತಮ್ಮ ತಮ್ಮ ಡಿಸ್ಕುಗಳಲ್ಲಿ ಇಟ್ಟುಕೊಂಡು ಹೋದರು. ಶ್ರಾವಣದಲ್ಲಿ ಅಜ್ಜಿಯವರು ಮೊಮ್ಮಗಳ ಮನೆಗೆ ಬಂದು ಒಂದು ತಿಂಗಳು ಇದ್ದರು. ಆಗ ಆಕೆಯು ಇನ್ನೂ ಏಳು ಹಾಡುಗಳನ್ನು ಅವರ ಬಾಯಿಂದ ಕೇಳಿ ಬರೆದುದಲ್ಲದೆ, ಹಳೆಯ ನಲವತ್ತರಲ್ಲಿದ್ದ ತಪ್ಪುಗಳನ್ನೂ ಅವರಿಗೆ ಓದಿಹೇಳಿ ತಿದ್ದಿಕೊಂಡಳು. ಅಣ್ಣನಿಗೆ ಇದೊಂದೂ ತಿಳಿಯದು. ದೀಪಾವಳಿಯ ಹಿಂದಿನ ದಿನ ಅವನು ತನ್ನ ಪ್ರತಿಯನ್ನು ತೆರೆದು, ತಲೆಬರಹದಲ್ಲಿ ಬಿಟ್ಟುಹೋಗಿದ್ದ ಒಂದು ಒತ್ತಕ್ಷರವನ್ನು ಸೇರಿಸಿ ಮುಚ್ಚಿದನು. ಹಬ್ಬದ ದಿನ ಇಬ್ಬರೂ ತಮ್ಮ ಡಿಸ್ಕುಗಳನ್ನು ಒಂದೇ ಯಂತ್ರಕ್ಕೆ ಜೋಡಿಸಿ, ಎರಡನ್ನೂ ಸಮಮಾಡುವಂತೆ ತಂತ್ರಾಂಶಕ್ಕೆ ಅಪ್ಪಣೆಮಾಡಿದರು. ಈಚೆಗೆ ಬದಲಾದುದೇ ಉಳಿಯಲಿ ಎಂಬುದು ಅದಕ್ಕೆ ಕೊಟ್ಟಿದ್ದ ಕಟ್ಟಳೆ. ಅಣ್ಣನ ಪ್ರತಿಯೇ ಈಚಿನದು. ಕ್ಷಣಾರ್ಧದಲ್ಲಿ ಅದು ತಂಗಿಯ ಪ್ರತಿಯ ಸ್ಥಾನವನ್ನು ಆಕ್ರಮಿಸಿತು. ಕೆಲಸವು ನಿರ್ವಿಘ್ನವಾಗಿ ಮುಗಿಯಿತೆಂದು ಯಂತ್ರವು ತಿಳಿಸಿತು. ಒಂದು ಒತ್ತಕ್ಷರವು ಉಳಿದು ಏಳು ಹಾಡುಗಳು ಹೋದುವು.

ಇಲ್ಲಿ ತಪ್ಪು ಯಾರದು? ಅಣ್ಣನು ತನ್ನ ಕಡತವನ್ನು ತಾನು ತಿದ್ದಿದನು; ಅದು ತಪ್ಪಲ್ಲ. ತಂಗಿಯು ಮಾಡಿದುದಂತೂ ಪುಣ್ಯದ ಕೆಲಸ. ಯಂತ್ರವು ಹೇಳಿದಂತೆ ಮಾಡಿತು. ಗಡಿಯಾರಗಳೆರಡೂ ಸರಿಯಾಗಿಯೇ ನಡೆಯುತ್ತಿದ್ದುವು. ಆದುದರಿಂದ ದೋಷವು ಕಟ್ಟಳೆಯಲ್ಲಿಯೇ ಇರಬೇಕು. ಈಚಿನದೇ ಪ್ರಮಾಣವೆಂಬ ಆ ಕಟ್ಟಳೆಯು ಎಲ್ಲಿಯವರೆಗೆ ನ್ಯಾಯವಾದುದು, ಎಲ್ಲಿಂದ ಮುಂದಕ್ಕೆ ಅನ್ಯಾಯವಾಗುವುದು ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

೨

ಮೊದಲು ಈ ಈಚಿನದು ಎಂಬ ಮಾತಿಗೆ ಆಧಾರವೇನೆಂಬುದನ್ನು ನೋಡೋಣ. ಕಡತವನ್ನು ಬರೆದು ಇಟ್ಟಾಗ ಯಂತ್ರವು ತನ್ನ ಗಡಿಯಾರವನ್ನು ನೋಡಿ, ಆ ಹೊತ್ತನ್ನು ಕಡತದ ಹೆಸರಿನೊಡನೆ ಗುರುತುಹಾಕಿಕೊಳ್ಳುತ್ತದೆ. ಇದನ್ನು ಕಾಲಮುದ್ರೆಯೆಂದು ಕರೆಯಬಹುದು. ಇದು ಅಂಚೆಯ ಮುದ್ರೆಯಂತಹುದು. ಲಕೋಟೆಯು ಅಂಚೆಯ ಮನೆಯನ್ನು ಎಂದು ಮುಟ್ಟಿತೆಂಬುದನ್ನು ಅಂಚೆಯ ಮುದ್ರೆಯು ಹೇಳೀತು. ಒಳಗಿನ ಕಾಗದದಲ್ಲಿರುವುದು ಎಷ್ಟು ಬೆಲೆಯುಳ್ಳದ್ದೆಂಬುದನ್ನು ಹೇಳಲಾರದು.

ಈ ಮುದ್ರೆಯಾದರೂ ಎಲ್ಲ ಡಿಸ್ಕುಗಳಲ್ಲಿಯೂ ಒಂದೇ ಬಗೆಯದಲ್ಲ. ವಿಂಡೋಸ್ ಯಂತ್ರಗಳ ಎನ್‌ಟಿಎಫ್‌ಎಸ್ ಎಂಬ ವ್ಯವಸ್ಥೆಯು ೧೬೦೧ನೆಯ ಇಸವಿ ಜನವರಿ ೧ರಿಂದ ಮೊದಲುಮಾಡಿ, ಒಂದು ಸೆಕೆಂಡಿನ ಕೋಟಿಯಲ್ಲೊಂದು ಪಾಲನ್ನು ಮಾನವಾಗಿಟ್ಟುಕೊಂಡು ಕಾಲವನ್ನೆಣಿಸುವುದು. ಯುನಿಕ್ಸ್ ಪರಂಪರೆಯ ಯಂತ್ರಗಳು ೧೯೭೦ನೆಯ ಜನವರಿ ೧ರಿಂದ ಎಣಿಸುವುವು. ಪೆನ್ ಡ್ರೈವುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಫ್ಯಾಟ್ ಎಂಬ ಹಳೆಯ ವ್ಯವಸ್ಥೆಯ ಎಣಿಕೆಯು ೧೯೮೦ರಿಂದ ಆರಂಭವಾಗುತ್ತದೆ. ಕಡತವು ಬದಲಾದ ಹೊತ್ತನ್ನು ಬರೆಯುವಾಗ ಅದರ ಅತಿ ಸಣ್ಣ ಅಳತೆಯೇ ಎರಡು ಸೆಕೆಂಡು. ಬೆಸಸಂಖ್ಯೆಯ ಸೆಕೆಂಡನ್ನು ಬರೆದಿಡಲು ಅದರಲ್ಲಿ ಸ್ಥಳವೇ ಇಲ್ಲ. ಹೀಗಿರುವಲ್ಲಿ ಒಂದು ಕಡತವನ್ನು ಮೊದಲನೆಯ ಬಗೆಯ ಡಿಸ್ಕಿನಿಂದ ಕೊನೆಯ ಬಗೆಯ ಡಿಸ್ಕಿಗೆ ನಕಲುಮಾಡಿದರೆ, ಒಂದಕ್ಷರವೂ ಬದಲಾಗದಿದ್ದರೂ ಎರಡು ಮುದ್ರೆಗಳು ಬೇರೆಯಾಗಬಹುದು. ಸಮಮಾಡುವ ತಂತ್ರಾಂಶವು ಇದನ್ನು ನಿಜವಾದ ಬದಲಾವಣೆಯೆಂದು ಭ್ರಮಿಸುವುದು. ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಎಂಬವರು ೧೯೯೬ರಲ್ಲಿ ಹೊರತಂದ ಆರ್‌ಸಿಂಕ್ ಎಂಬ ಪ್ರಸಿದ್ಧ ತಂತ್ರಾಂಶದಲ್ಲಿ, ಒಂದು ಸೆಕೆಂಡಿನ ಅಂತರವನ್ನು ಅಂತರವೇ ಅಲ್ಲವೆಂದೆಣಿಸುವ ಏರ್ಪಾಡು ಇರುವುದು ಈ ಭ್ರಮೆಯ ಪರಿಹಾರಕ್ಕಾಗಿಯೇ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದುಂಟು. ಫ್ಯಾಟ್ ವ್ಯವಸ್ಥೆಯು ಬರೆದಿಡುವುದು ಆಯಾ ಊರಿನ ಹೊತ್ತನ್ನು; ಅದು ಯಾವ ದೇಶದ ಹೊತ್ತೆಂಬುದನ್ನು ಬರೆಯುವುದಿಲ್ಲ. ಬೆಂಗಳೂರಿನಲ್ಲಿ ಒಬ್ಬನು ಸಂಜೆ ಆರು ಗಂಟೆಗೆ ತನ್ನ ಪ್ರತಿಯನ್ನು ತಿದ್ದಿದನೆನ್ನೋಣ. ಚಳಿಗಾಲದಲ್ಲಿ ಲಂಡನ್ನಿನ ಗಡಿಯಾರವು ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆಯಾದುದರಿಂದ ಆಗ ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಅಲ್ಲಿರುವ ಅವನ ಮಗಳು ಎರಡು ಗಂಟೆ ಕಳೆದಮೇಲೆ ತನ್ನ ಪ್ರತಿಯನ್ನು ತಿದ್ದಿದರೆ ಅದರ ಮೇಲೆ ಬೀಳುವ ಮುದ್ರೆ ಎರಡೂವರೆ ಗಂಟೆಯದು. ಮುಂದೆ ಆ ಎರಡು ಪೆನ್ ಡ್ರೈವುಗಳನ್ನು ಒಂದೆಡೆ ಹೋಲಿಸಿದಾಗ ನಿಜವಾಗಿ ಈಚಿನದಾದ ಪ್ರತಿಯೇ ಹಿಂದಿನದೆನಿಸಿಕೊಂಡು ಅಳಿಯುವುದು. ಇದಲ್ಲದೆ ಕೆಲವು ಬಗೆಯ ನಕಲಿನಲ್ಲಿ ಕಡತಕ್ಕೆ ನಕಲುಮಾಡಿದ ದಿನದ ಮುದ್ರೆಯೇ ಬೀಳುವುದರಿಂದ ಹತ್ತು ವರ್ಷದ ಹಳೆಯ ಬರಹವು ಇಂದು ಹುಟ್ಟಿದಂತೆ ಕಾಣುವುದುಂಟು. ಯಂತ್ರದೊಳಗಿನ ಪುಟ್ಟ ಬ್ಯಾಟರಿಯು ಬರಿದಾದರೆ ಗಡಿಯಾರವು ಹಲವು ವರ್ಷ ಹಿಂದಕ್ಕೆ ಸರಿದು, ಇಂದಿನ ಬರಹಕ್ಕೆ ಎಂದಿನದೋ ಮುದ್ರೆಯನ್ನು ಒತ್ತುವುದೂ ಉಂಟು.

ಇವೆಲ್ಲವೂ ಗಡಿಯಾರದ ದೋಷಗಳು, ಪ್ರಯತ್ನದಿಂದ ತಿದ್ದಿಕೊಳ್ಳಬಹುದಾದುವು. ಡೇವಿಡ್ ಮಿಲ್ಸ್ ಎಂಬ ವಿದ್ವಾಂಸನು ೧೯೮೫ರಲ್ಲಿ ಪ್ರಕಟಿಸಿದ ಪದ್ಧತಿಯು ಬೆಳೆದು, ಜಾಲಕ್ಕೆ ಸೇರಿದ ಯಂತ್ರಗಳ ಗಡಿಯಾರಗಳನ್ನು ಒಂದಕ್ಕೊಂದು ಸರಿಹೊಂದಿಸುತ್ತಲೇ ಇದೆ. ಆದರೆ ಧಾರವಾಡ ಮೈಸೂರುಗಳ ದೃಷ್ಟಾಂತದಲ್ಲಿ ಗಡಿಯಾರಗಳು ಒಂದು ಕ್ಷಣವೂ ತಪ್ಪಿರಲಿಲ್ಲ. ಆದರೂ ಏಳು ಹಾಡುಗಳು ಹೋದುವು. ಗಡಿಯಾರವು ಎಷ್ಟೇ ಶುದ್ಧವಾಗಿದ್ದರೂ ಈ ಬಗೆಯ ನಷ್ಟವು ತಪ್ಪುವುದಿಲ್ಲವೆಂದಮೇಲೆ ಪ್ರಶ್ನೆಯು ಗಡಿಯಾರವನ್ನು ದಾಟಿ ಮುಂದಕ್ಕೆ ಹೋಗತಕ್ಕದ್ದು.

೩

ಈಚಿನದೇ ಪ್ರಮಾಣವೆಂಬ ಪಕ್ಷಕ್ಕೆ ಬಲವಾದ ಬೆಂಬಲವಿಲ್ಲದಿಲ್ಲ. ಅದನ್ನು ಮೊದಲು ನ್ಯಾಯವಾಗಿ ಕೇಳಬೇಕು.

ಪಾಣಿನಿಯ ವ್ಯಾಕರಣದಲ್ಲಿ, ಸಮಾನಬಲವುಳ್ಳ ಎರಡು ಸೂತ್ರಗಳು ಒಂದೇ ಎಡೆಯಲ್ಲಿ ಸೇರಿ ಪರಸ್ಪರ ವಿರೋಧಿಸಿದರೆ, ಅನುಕ್ರಮದಲ್ಲಿ ಈಚೆಗೆ ಬರುವ ಸೂತ್ರವೇ ನಡೆಯತಕ್ಕದ್ದೆಂದು ವಿಧಿಸಿದೆ. ಲೋಕವ್ಯವಹಾರದಲ್ಲಿಯೂ ಹಾಗೆಯೇ. ಒಬ್ಬ ಯಜಮಾನನು ಎರಡು ಮರಣಶಾಸನಗಳನ್ನು ಬರೆದಿಟ್ಟು, ಅವೆರಡೂ ಒಂದಕ್ಕೊಂದು ವಿರುದ್ಧವಾಗಿದ್ದರೆ ಕೊನೆಯದೇ ನಿಲ್ಲುವುದು. ಬುದ್ಧಿಯು ಸ್ವಸ್ಥವಾಗಿರುವವರೆಗೆ ಬರೆದವನು ತನ್ನ ಶಾಸನವನ್ನು ಯಾವಾಗ ಬೇಕಾದರೂ ಬದಲಾಯಿಸಬಹುದೆಂದು ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯೂ ಒಪ್ಪಿದೆ. ಧನಸಂಬಂಧವಾದ ವಿವಾದಗಳಲ್ಲಿ ಮುಂಚಿನ ಕ್ರಿಯೆಗಿಂತ ತರುವಾಯದ ಕ್ರಿಯೆಯೇ ಬಲವತ್ತರವಾದುದೆಂದು ಯಾಜ್ಞವಲ್ಕ್ಯಸ್ಮೃತಿಯಲ್ಲಿ ಹೇಳಿದೆ. ಮನುಷ್ಯನ ತಿಳಿವಳಿಕೆಯು ದಿನಕ್ರಮದಿಂದ ಬೆಳೆಯುವುದರಿಂದ ನಿನ್ನೆ ಬರೆದುದಕ್ಕಿಂತ ಇಂದು ತಿದ್ದಿದುದು ಮೇಲಾಗಿರುವುದೇ ಸಹಜವೆಂದೂ ವಾದಿಸಬಹುದು.

ಈ ಕಟ್ಟಳೆಗೆ ಮತ್ತೊಂದು ಗುಣವಿದೆ. ಅದು ನಿಷ್ಪಕ್ಷಪಾತವಾದುದು. ಅಣ್ಣನೆಂದು ಅದು ಮನ್ನಣೆಮಾಡದು, ತಂಗಿಯೆಂದು ಅಲಕ್ಷ್ಯಮಾಡದು. ಯಾರ ಮುಖವನ್ನೂ ನೋಡದೆ ಗಡಿಯಾರವನ್ನು ಮಾತ್ರ ನೋಡುವುದು. ಸಾವಿರಾರು ಕಡತಗಳನ್ನು ಕಣ್ಣುಮುಚ್ಚಿ ತೆರೆಯುವುದರೊಳಗಾಗಿ ಸಮಮಾಡಬೇಕಾದ ಯಂತ್ರಕ್ಕೆ ಇಷ್ಟು ಸರಳವೂ ಸುಲಭವೂ ಆದ ಕಟ್ಟಳೆ ಬೇರೊಂದಿಲ್ಲ. ಹೀಗೆಂದು ಪೂರ್ವಪಕ್ಷ.

೪

ಆದರೆ ಯಾಜ್ಞವಲ್ಕ್ಯನ ಮಾತು ಅಲ್ಲಿಗೇ ಮುಗಿಯುವುದಿಲ್ಲ. ಅಡವು, ದಾನವನ್ನು ಸ್ವೀಕರಿಸುವುದು, ಕ್ರಯ, ಈ ಮೂರರಲ್ಲಿ ಮಾತ್ರ ಮೊದಲಿನ ಕ್ರಿಯೆಯೇ ಬಲವತ್ತರವೆಂದು ಅದೇ ಶ್ಲೋಕದ ಉತ್ತರಾರ್ಧವು ವಿಧಿಸುತ್ತದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬–೧೧೨೬), ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣವಾದ ಕಲ್ಯಾಣನಗರದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಈ ಎರಡು ಭಾಗಗಳನ್ನೂ ಉದಾಹರಣೆಗಳಿಂದ ಬಿಡಿಸಿ ತೋರಿಸಿರುವನು. ಒಬ್ಬನು ಸಾಲ ಕೊಟ್ಟುದನ್ನು ಸಾಧಿಸುತ್ತಾನೆ. ಮತ್ತೊಬ್ಬನು ಅದನ್ನು ತೀರಿಸಿದುದನ್ನು ಸಾಧಿಸುತ್ತಾನೆ. ಎರಡೂ ನಿಜವಾದರೆ ತೀರಿಸಿದುದೇ ನಿಲ್ಲತಕ್ಕದ್ದು. ಆದರೆ ಒಬ್ಬನು ತನ್ನ ಹೊಲವನ್ನು ಒಬ್ಬರಲ್ಲಿ ಅಡವಿಟ್ಟು ಹಣ ತೆಗೆದುಕೊಂಡು, ಅದೇ ಹೊಲವನ್ನು ಮತ್ತೊಬ್ಬರಲ್ಲಿಯೂ ಅಡವಿಟ್ಟು ಹಣ ತೆಗೆದುಕೊಂಡರೆ, ಹೊಲವು ಮೊದಲು ಅಡವು ಹಿಡಿದವನಿಗೇ ಸೇರತಕ್ಕದ್ದು.

ಎರಡು ಕಡೆಯಲ್ಲಿಯೂ ಹಿಂದುಮುಂದುಗಳ ಕ್ರಮವು ಒಂದೇ. ಹೀಗಿದ್ದೂ ತೀರ್ಪು ಬೇರೆಯಾಗುವುದೇಕೆ? ಕಾರಣವನ್ನು ಹೀಗೆ ಊಹಿಸಬಹುದು. ಸಾಲವನ್ನು ತೀರಿಸುವ ಕ್ರಿಯೆಯು ಸಾಲವನ್ನು ಬಲ್ಲ ಕ್ರಿಯೆ. ಸಾಲವಿದ್ದಿತೆಂದು ಒಪ್ಪಿಕೊಂಡು, ಅದನ್ನು ಮುಂದಿಟ್ಟುಕೊಂಡೇ ಹುಟ್ಟಿದುದು. ಆದುದರಿಂದ ಅದು ಸಾಲದ ಮೇಲೆ ಅಧಿಕಾರವನ್ನು ಪಡೆಯುತ್ತದೆ. ಎರಡನೆಯ ಅಡವಾದರೋ ಮೊದಲನೆಯದು ಇಲ್ಲವೇ ಇಲ್ಲವೆಂಬಂತೆ ನಡೆದುದು. ಮೊದಲನೆಯವನನ್ನು ಕೇಳಿಲ್ಲ, ಅವನ ಹಕ್ಕನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಕಾಲದಲ್ಲಿ ಈಚಿನದೆಂಬ ಮಾತ್ರದಿಂದ ಅದು ಮೊದಲಿನದನ್ನು ಅಳಿಸಲಾರದು.

ಪೂರ್ವಪಕ್ಷದ ಉಳಿದ ಎರಡು ಉದಾಹರಣೆಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡಬಹುದು. ಎರಡು ಮರಣಶಾಸನಗಳನ್ನೂ ಬರೆದವನು ಒಬ್ಬನೇ. ಎರಡನೆಯದನ್ನು ಬರೆಯುವಾಗ ಮೊದಲನೆಯದು ಅವನಿಗೆ ಗೊತ್ತು. ಪಾಣಿನಿಯ ಸೂತ್ರಗಳಿಗೂ ಕರ್ತನು ಒಬ್ಬನೇ. ಈಚಿನ ಸೂತ್ರವನ್ನು ಈಚೆಗೆ ಇಡುವಾಗ ಹಿಂದಿನದು ಅವನ ಮನಸ್ಸಿನಲ್ಲಿ ಇದ್ದೇ ಇದ್ದಿತು. ಅಲ್ಲಿಯೂ ಕ್ರಮವೊಂದನ್ನೇ ನೆಚ್ಚುವುದು ಸಾಲದಾದಾಗ, ಆ ಸೂತ್ರದಲ್ಲಿನ ಪರಶಬ್ದಕ್ಕೆ ಇಷ್ಟವೆಂಬ ಅರ್ಥವನ್ನು ಮಹಾಭಾಷ್ಯಕಾರನಾದ ಪತಂಜಲಿಯು ಹೇಳಬೇಕಾಯಿತು. ಹೀಗೆ ಈಚಿನದಕ್ಕೆ ಬಲವು ಬರುವುದು ಗಳಿಗೆಯಿಂದಲ್ಲ, ಹಿಂದಿನದರ ತಿಳಿವಿನಿಂದ. ಹಿಂದಿನದನ್ನು ಕಂಡು, ಅದನ್ನು ಒಪ್ಪದೆ ಬದಲಾಯಿಸಿದವನಿಗೆ ಅದನ್ನು ಬದಿಗೆ ಸರಿಸುವ ಅಧಿಕಾರವುಂಟು. ಅದನ್ನು ಕಾಣದೆಯೇ ಬರೆದವನಿಗೆ ಆ ಅಧಿಕಾರವಿಲ್ಲ. ಅಣ್ಣನು ಏಳು ಹಾಡುಗಳನ್ನು ಓದಿ ಬೇಡವೆಂದು ತೆಗೆದುಹಾಕಿದ್ದರೆ ಅದು ಒಂದು ತೀರ್ಮಾನವಾಗುತ್ತಿತ್ತು. ತಂಗಿಯು ಅದನ್ನು ಕುರಿತು ಅವನೊಡನೆ ವಾದಿಸಬಹುದಾಗಿತ್ತು. ಅವನು ತೆಗೆದುಹಾಕಲಿಲ್ಲ; ಅವನು ಅವನ್ನು ನೋಡಿಯೇ ಇರಲಿಲ್ಲ. ಅವನು ಮಾಡದ ತೀರ್ಮಾನವೊಂದನ್ನು ಯಂತ್ರವು ಅವನ ಹೆಸರಿನಲ್ಲಿ ಮಾಡಿತು.

ಗಣಕವಿಜ್ಞಾನಿಗಳೂ ಬೇರೆ ದಾರಿಯಿಂದ ಇದೇ ಎಡೆಗೆ ಬಂದು ಸೇರಿರುವರು. ಲೆಸ್ಲಿ ಲ್ಯಾಂಪೋರ್ಟ್ ಎಂಬ ಅಮೆರಿಕದ ವಿದ್ವಾಂಸನು ೧೯೭೮ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ, ದೂರದೂರದಲ್ಲಿರುವ ಯಂತ್ರಗಳ ನಡುವೆ ಮೊದಲು ಎಂಬ ಮಾತಿಗೆ ಹೊಸದೊಂದು ಲಕ್ಷಣವನ್ನು ಕೊಟ್ಟನು. ಒಂದೇ ಯಂತ್ರದಲ್ಲಿ ಒಂದಾದಮೇಲೊಂದು ನಡೆದ ಘಟನೆಗಳಿಗೆ ಪೂರ್ವಾಪರವುಂಟು. ಒಂದು ಯಂತ್ರವು ಕಳುಹಿಸಿದ ಸುದ್ದಿಯು ಇನ್ನೊಂದನ್ನು ತಲಪಿದಾಗ ಕಳುಹಿಸಿದುದು ಮೊದಲು, ತಲಪಿದುದು ಆಮೇಲೆ. ಇಂತಹ ಸಂಬಂಧಗಳ ಸರಪಣಿಯು ಎರಡು ಘಟನೆಗಳ ನಡುವೆ ಇಲ್ಲದಿದ್ದರೆ ಅವೆರಡಕ್ಕೂ ಪೂರ್ವಾಪರವೆಂಬುದೇ ಇಲ್ಲ. ಗಡಿಯಾರವು ಏನನ್ನೇ ಹೇಳಲಿ, ಅವು ಸಮಕಾಲಿಕವೆಂದೇ ಎಣಿಸತಕ್ಕುವು. ಈ ಲಕ್ಷಣದ ಪ್ರಕಾರ ತಂಗಿಯು ಶ್ರಾವಣದಲ್ಲಿ ಬರೆದುದೂ ಅಣ್ಣನು ದೀಪಾವಳಿಗೆ ತಿದ್ದಿದುದೂ, ನಡುವೆ ತಿಂಗಳುಗಳೇ ಕಳೆದಿದ್ದರೂ, ಸಮಕಾಲಿಕಗಳು. ಮೊದಲು ಕೇಳುವಾಗ ಇದು ವಿಚಿತ್ರವೆನಿಸೀತು. ಆದರೆ ಸುದ್ದಿ ತಲಪದ ಮನೆಯಲ್ಲಿ ಸೂತಕವಿಲ್ಲವೆಂಬುದನ್ನು ಬಲ್ಲ ಜನಕ್ಕೆ ಇದು ತೀರ ಹೊಸತಾಗಿರಲಾರದು.

೫

ಇನ್ನು, ಯಾರು ಯಾವುದನ್ನು ಕಂಡಿದ್ದರೆಂಬುದನ್ನು ಯಂತ್ರವು ತಿಳಿಯುವ ಬಗೆ ಹೇಗೆ? ಎರಡು ಪ್ರತಿಗಳನ್ನು ಎಷ್ಟು ಹೋಲಿಸಿದರೂ ಅದು ತಿಳಿಯದು. ಅವೆರಡೂ ಕೊನೆಯ ಬಾರಿ ಒಂದಾಗಿದ್ದಾಗ ಹೇಗಿದ್ದುವೆಂಬ ಮೂರನೆಯ ಸಾಕ್ಷ್ಯವು ಬೇಕು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಬೆಂಜಮಿನ್ ಪಿಯರ್ಸ್ ಮತ್ತು ಅವನ ಸಂಗಡಿಗರು ರಚಿಸಿದ ಯೂನಿಸನ್ ಎಂಬ ತಂತ್ರಾಂಶವು, ಪ್ರತಿಯೊಂದು ಸಲ ಎರಡು ಸಂಗ್ರಹಗಳನ್ನು ಸಮಮಾಡಿದಾಗಲೂ ಆಗಿನ ಸ್ಥಿತಿಯನ್ನು ಒಂದು ದಾಖಲೆಯಲ್ಲಿ ಬರೆದಿಟ್ಟುಕೊಳ್ಳುವುದು. ಮುಂದಿನ ಸಲ ಎರಡು ಪ್ರತಿಗಳನ್ನೂ ಆ ದಾಖಲೆಯೊಡನೆ ಹೋಲಿಸುವುದು. ಒಂದು ಮಾತ್ರ ಬದಲಾಗಿದ್ದರೆ ಅದೇ ಉಳಿಯತಕ್ಕದ್ದು, ಅದರ ಮುದ್ರೆಯು ಎಷ್ಟು ಹಳೆಯದಾಗಿದ್ದರೂ ಚಿಂತೆಯಿಲ್ಲ. ಎರಡೂ ಬೇರೆ ಬೇರೆಯಾಗಿ ಬದಲಾಗಿದ್ದರೆ ಮಾತ್ರ ಅದು ನಿಜವಾದ ವಿರೋಧ. ಅಂತಹ ಎಡೆಯಲ್ಲಿ ಯೂನಿಸನ್ ತಾನಾಗಿ ಯಾವುದನ್ನೂ ಅಳಿಸದೆ, ಯಜಮಾನನು ಹೇಳುವವರೆಗೆ ಎರಡನ್ನೂ ಇದ್ದಂತೆಯೇ ಬಿಡುವುದು.

ಇಂತಹ ದಾಖಲೆಯಿಲ್ಲದಿದ್ದರೆ ಬಗೆಹರಿಯದ ಇನ್ನೊಂದು ಪ್ರಶ್ನೆಯುಂಟು. ಒಂದು ಡಿಸ್ಕಿನಲ್ಲಿರುವ ಕಡತವು ಇನ್ನೊಂದರಲ್ಲಿ ಇಲ್ಲ. ಇದರ ಅರ್ಥವೇನು? ಮೊದಲನೆಯದರಲ್ಲಿ ಅದು ಹೊಸದಾಗಿ ಹುಟ್ಟಿತೆಂದೋ, ಎರಡನೆಯದರಲ್ಲಿದ್ದುದನ್ನು ಬೇಕೆಂದೇ ಅಳಿಸಿದರೆಂದೋ? ನೈಯಾಯಿಕರು ಅಭಾವವನ್ನು ವಿಂಗಡಿಸುವಾಗ, ವಸ್ತುವು ಹುಟ್ಟುವುದಕ್ಕೆ ಮುಂಚಿನ ಪ್ರಾಗಭಾವವನ್ನೂ ನಾಶವಾದಮೇಲಿನ ಪ್ರಧ್ವಂಸಾಭಾವವನ್ನೂ ಬೇರೆಬೇರೆಯಾಗಿ ಎಣಿಸಿರುವರು. ಈ ಭೇದವು ಬರಿಯ ತರ್ಕದ ಕಸರತ್ತೆಂದು ತಿಳಿದವರು ಎರಡು ಡಿಸ್ಕುಗಳನ್ನು ಸಮಮಾಡಲು ಹೊರಟರೆ ಅದರ ಬೆಲೆಯನ್ನು ಅರಿತಾರು. ಪ್ರಾಗಭಾವವಾದರೆ ಕಡತವನ್ನು ನಕಲುಮಾಡಬೇಕು. ಪ್ರಧ್ವಂಸಾಭಾವವಾದರೆ ಉಳಿದಿರುವುದನ್ನೂ ಅಳಿಸಬೇಕು. ಎರಡೂ ಒಂದಕ್ಕೊಂದು ತೀರ ವಿರುದ್ಧವಾದ ಕೆಲಸಗಳು. ಇಲ್ಲದ ಕಡತದ ಮೇಲೆ ಮುದ್ರೆಯೂ ಇಲ್ಲವಾದುದರಿಂದ ಕಾಲಮುದ್ರೆಯು ಇಲ್ಲಿ ಮೂಕವಾಗುತ್ತದೆ. ಹಿಂದೆ ಅದು ಇತ್ತೇ ಎಂಬುದನ್ನು ಹಳೆಯ ದಾಖಲೆಯೊಂದೇ ಹೇಳಬಲ್ಲುದು.

ಪ್ರತಿಗಳು ಎರಡಕ್ಕೆ ನಿಲ್ಲದೆ ಹಲವಾದಾಗ ಮತ್ತೊಂದು ಉಪಾಯವು ಸಲ್ಲುತ್ತದೆ. ಡಿ. ಎಸ್. ಪಾರ್ಕರ್ ಮೊದಲಾದವರು ೧೯೮೩ರಲ್ಲಿ ವಿವರಿಸಿದ ಈ ಪದ್ಧತಿಯಲ್ಲಿ ಪ್ರತಿಯೊಂದು ಕಡತವೂ ಒಂದು ಎಣಿಕೆಯ ಪಟ್ಟಿಯನ್ನು ಹೊತ್ತಿರುತ್ತದೆ. ಯಾವ ಡಿಸ್ಕಿನಲ್ಲಿ ಎಷ್ಟು ಸಲ ಬದಲಾಯಿತೆಂಬುದೇ ಆ ಎಣಿಕೆ. ಯುಗಾದಿಯ ತರುವಾಯ ತಂಗಿಯ ಪ್ರತಿಯು ಮೈಸೂರಿನಲ್ಲಿ ಎಂಟು ಸಲ ಬದಲಾಗಿದ್ದು, ಧಾರವಾಡದ ಎಣಿಕೆಯು ಅದರಲ್ಲಿ ಸೊನ್ನೆಯಾಗಿರುವುದು. ಅಣ್ಣನ ಪ್ರತಿಯಲ್ಲಿ ಧಾರವಾಡದ ಎಣಿಕೆ ಒಂದು, ಮೈಸೂರಿನದು ಸೊನ್ನೆ. ಒಂದು ಪಟ್ಟಿಯು ಇನ್ನೊಂದನ್ನು ಪೂರ್ತಿಯಾಗಿ ಒಳಗೊಂಡಿದ್ದರೆ ಒಳಗೊಂಡುದು ನಿಲ್ಲತಕ್ಕದ್ದು. ಇಲ್ಲಿ ಯಾವುದೂ ಯಾವುದನ್ನೂ ಒಳಗೊಂಡಿಲ್ಲ. ಆದುದರಿಂದ ಇಲ್ಲಿ ವಿರೋಧವಿದೆಯೆಂದು ಯಂತ್ರವು ತಿಳಿಯುವುದು. ಈ ಲೆಕ್ಕದಲ್ಲಿ ಗಂಟೆ ನಿಮಿಷಗಳ ಮಾತೇ ಇಲ್ಲ.

೬

ಇದಕ್ಕೆ ಮೂರು ಆಕ್ಷೇಪಗಳನ್ನು ತರಬಹುದು.

ಸಾವಿರಾರು ಕಡತಗಳ ವಿಷಯದಲ್ಲಿ ಹೀಗೆ ಮನುಷ್ಯನನ್ನು ಕೇಳುತ್ತಾ ಕುಳಿತರೆ ಯಂತ್ರದಿಂದಾದ ಪ್ರಯೋಜನವೇನೆಂಬುದು ಮೊದಲನೆಯದು. ಆದರೆ ಬಹುಪಾಲು ಕಡತಗಳನ್ನು ಮುಟ್ಟುವುದು ಒಂದೇ ಕೈ. ಅವುಗಳಲ್ಲಿ ಒಂದು ಪ್ರತಿ ಮಾತ್ರ ಬದಲಾಗಿರುತ್ತದೆ. ಅವನ್ನು ಯಂತ್ರವು ಯಾರನ್ನೂ ಕೇಳದೆ ಸರಿಪಡಿಸಲಿ. ಇಬ್ಬರೂ ಪರಸ್ಪರ ಕಾಣದೆ ತಿದ್ದಿದ ಕೆಲವೇ ಕಡತಗಳಲ್ಲಿ ಮಾತ್ರ ಅದು ಕೈತಡೆಯಬೇಕು. ಒಂದನ್ನು ಬೇರೆ ಹೆಸರಿನಿಂದ ಪಕ್ಕದಲ್ಲಿಟ್ಟು ಎರಡನ್ನೂ ಉಳಿಸುವ ಪದ್ಧತಿಯನ್ನು ಡ್ರಾಪ್‌ಬಾಕ್ಸ್, ಸಿಂಕ್‌ಥಿಂಗ್ಮೊದಲಾದ ತಂತ್ರಾಂಶಗಳು ಅನುಸರಿಸುತ್ತವೆ. ಡಿಸ್ಕಿನಲ್ಲಿ ಅದಕ್ಕೆ ತಗಲುವ ಸ್ಥಳವು ಅಲ್ಪ.

ಎರಡನ್ನೂ ಬೆರಸಿ ಒಂದುಮಾಡುವಂತೆ ಯಂತ್ರಕ್ಕೇ ಹೇಳಬಾರದೇಕೆ ಎಂಬುದು ಎರಡನೆಯದು. ಮೂಲಪ್ರತಿಯು ಉಳಿದಿದ್ದು, ತಿದ್ದುಪಡಿಗಳು ಬೇರೆ ಬೇರೆ ಸಾಲುಗಳಲ್ಲಿದ್ದರೆ ಇದು ಅನೇಕ ವೇಳೆ ಸಾಧ್ಯವೇ. ಆದರೆ ಎಲ್ಲವನ್ನೂ ಒಟ್ಟುಗೂಡಿಸುವುದೇ ಸತ್ಯವಾಗಲಾರದು. ಅಮೆಜಾನ್ ಸಂಸ್ಥೆಯ ತಜ್ಞರು ತಮ್ಮ ಡೈನಮೋ ಎಂಬ ಸಂಗ್ರಹವ್ಯವಸ್ಥೆಯನ್ನು ಕುರಿತು ೨೦೦೭ರಲ್ಲಿ ಬರೆದ ಲೇಖನದಲ್ಲಿ ಇದರ ಉದಾಹರಣೆಯಿದೆ. ಗಿರಾಕಿಯ ಬುಟ್ಟಿಯ ಎರಡು ಪ್ರತಿಗಳು ವಿರೋಧಿಸಿದಾಗ ಅವನ್ನು ಕೂಡಿಸಿಬಿಡುವುದರಿಂದ, ಅವನು ಸೇರಿಸಿದ ಸಾಮಾನು ಯಾವುದೂ ಕಳೆದುಹೋಗದು. ಆದರೆ ಅವನು ಬೇಡವೆಂದು ತೆಗೆದುಹಾಕಿದುದು ಒಮ್ಮೊಮ್ಮೆ ಮತ್ತೆ ಬುಟ್ಟಿಯಲ್ಲಿ ಕಾಣಿಸಿಕೊಳ್ಳುವುದು. ಬುಟ್ಟಿಯ ವಿಷಯದಲ್ಲಿ ಇದು ಸಹಿಸತಕ್ಕ ತಪ್ಪು. ಅಜ್ಜಿಯವರು ತಮ್ಮದಲ್ಲವೆಂದು ಹೇಳಿ ತೆಗೆಸಿದ ಹಾಡೊಂದು ಸಂಗ್ರಹಕ್ಕೆ ಮರಳಿ ಬಂದು ಸೇರಿದರೆ ಅದು ಸುಳ್ಳಾಗುವುದು.

ಎಲ್ಲವನ್ನೂ ಉಳಿಸುವುದೆಂದರೆ ತೀರ್ಮಾನದಿಂದ ತಪ್ಪಿಸಿಕೊಳ್ಳುವುದಲ್ಲವೇ ಎಂಬುದು ಮೂರನೆಯ ಆಕ್ಷೇಪ. ಮೂರರಲ್ಲಿ ಇದೇ ಗಟ್ಟಿಯಾದುದು. ಎರಡು ಪ್ರತಿಗಳನ್ನೂ ಇಟ್ಟುಕೊಳ್ಳುವುದು ತೀರ್ಪಲ್ಲ, ವಾಯಿದೆ ಮಾತ್ರ. ವಾಯಿದೆಯ ಮೇಲೆ ವಾಯಿದೆ ಬೆಳೆದರೆ ಡಿಸ್ಕು ಅರೆಬರೆ ಪ್ರತಿಗಳ ಕಣಜವಾಗಿ, ಕೊನೆಗೆ ಯಾವುದು ನಂಬತಕ್ಕದ್ದೆಂಬುದು ಮನೆಯವರಿಗೇ ತಿಳಿಯದಂತಾಗುತ್ತದೆ. ಆದುದರಿಂದ ಯಾರಾದರೊಬ್ಬರು ಕುಳಿತು ಎರಡನ್ನೂ ಓದಿ ಮೂರನೆಯದನ್ನು ಬರೆಯಲೇಬೇಕು. ಆ ಮೂರನೆಯ ಪ್ರತಿಯು ಎರಡನ್ನೂ ಕಂಡು ಹುಟ್ಟಿದುದಾದುದರಿಂದ ಎರಡನ್ನೂ ಮೀರುವ ಹಕ್ಕು ಅದಕ್ಕೆ ನ್ಯಾಯವಾಗಿ ಬರುತ್ತದೆ. ಪುಣೆಯ ಭಂಡಾರಕರ ಸಂಶೋಧನ ಮಂದಿರದ ವಿದ್ವಾಂಸರು ೧೯೧೯ರಲ್ಲಿ ಆರಂಭಿಸಿ ೧೯೬೬ರಲ್ಲಿ ಪೂರೈಸಿದ ಮಹಾಭಾರತದ ಪರಿಷ್ಕರಣವು ಈ ಬಗೆಯ ದುಡಿಮೆಗೆ ಒಂದು ಮೇಲ್ಪಂಕ್ತಿ. ವಿಷ್ಣು ಸುಖಠಣಕರರೂ ಅವರ ತರುವಾಯದವರೂ ಹೊಸ ಪ್ರತಿಯೆಂದು ಒಂದನ್ನು ಹಿಡಿಯಲಿಲ್ಲ, ಹಳೆಯದೆಂದು ಒಂದಕ್ಕೆ ಮರುಳಾಗಲಿಲ್ಲ. ಪ್ರತಿಗಳ ಪರಸ್ಪರ ಸಂಬಂಧವನ್ನು ಪರೀಕ್ಷಿಸಿ ಒಂದು ಪಾಠವನ್ನು ಆರಿಸಿಕೊಂಡರು. ಆದರೆ ಆರಿಸದ ಪಾಠಗಳನ್ನು ಅವರು ಸುಡಲಿಲ್ಲ. ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಅವನ್ನೂ ಅಚ್ಚುಮಾಡಿಸಿದರು. ತಮ್ಮ ತೀರ್ಪು ತಪ್ಪಾಗಿದ್ದರೆ ಮುಂದೆ ಬರುವವರು ತಿದ್ದಿಕೊಳ್ಳಲೆಂಬುದೇ ಅದರ ಅಭಿಪ್ರಾಯ.

ಮೊದಲು ಹೇಳಿದ ಮನೆಗೆ ಈಗ ಹಿಂದಿರುಗಬಹುದು. ಎರಡು ಪ್ರತಿಗಳೂ ಬದಲಾಗಿವೆ, ನೋಡಿ ಹೇಳಿರಿ ಎಂದು ಯಂತ್ರವು ಅಂದು ಕೈತಡೆದಿದ್ದರೆ ಆಗುತ್ತಿದ್ದುದೇನು? ಅಣ್ಣನು ತಂಗಿಯ ಪ್ರತಿಯನ್ನು ತೆರೆದು, ತಾನು ಕೇಳದಿದ್ದ ಏಳು ಹಾಡುಗಳನ್ನು ಓದುತ್ತಿದ್ದನು. ತನ್ನ ಒತ್ತಕ್ಷರವನ್ನು ಅದರ ತಲೆಬರಹಕ್ಕೆ ಸೇರಿಸುವುದು ಅರೆನಿಮಿಷದ ಕೆಲಸವಾಗುತ್ತಿತ್ತು. ಆ ಅರೆನಿಮಿಷವನ್ನು ಉಳಿಸಿದುದೇ ಕಟ್ಟಳೆಯಿಂದಾದ ಲಾಭ. ನಷ್ಟವನ್ನು ಅಜ್ಜಿಯವರ ನೆನಪೇ ತುಂಬಿಕೊಡಬೇಕು. ಏಳರಲ್ಲಿ ನಾಲ್ಕನ್ನು ಅವರು ಮತ್ತೆ ಹಾಡಿಯಾರು. ಉಳಿದ ಮೂರನ್ನು ಅವರು ಶ್ರಾವಣದ ಮಳೆಯಲ್ಲಿ, ಯಾವುದೋ ಮಾತಿಗೆ ಯಾವುದೋ ನೆನಪು ತೊಡರಿ ಬಂದಾಗ ಹಾಡಿದ್ದರು. ಅವು ಮತ್ತೆ ಬರುವುವೆಂದು ಹೇಳುವುದು ಯಾರಿಂದಲೂ ಆಗದು.

ಎರಡು ಡಿಸ್ಕುಗಳನ್ನು ಒಂದುಗೂಡಿಸುವುದಕ್ಕೆ ಮುಂಚೆ, ತನ್ನ ತಂತ್ರಾಂಶಕ್ಕೆ ಯಾವ ಕಟ್ಟಳೆಯನ್ನು ಕೊಟ್ಟಿದೆಯೆಂಬುದನ್ನು ಗೃಹಸ್ಥನು ಒಮ್ಮೆ ತೆರೆದು ನೋಡಿಕೊಳ್ಳುವುದು ಒಳ್ಳೆಯದು. ಕಾಲಮುದ್ರೆಯನ್ನು ಸಾಕ್ಷಿಯೆಂದು ಕರೆಯಿಸಿ ಅದರ ಮಾತನ್ನು ಕೇಳಲಿ. ಆದರೆ ಪೀಠದ ಮೇಲೆ ಅದನ್ನು ಕೂರಿಸದಿರಲಿ.